ಅಜ್ಜಿಯ ಕೂಗು ಕದ್ದ ವಾರ

ಆಗೆಲ್ಲ ಮಳವಳ್ಳಿ ಸೀಮೆಯ ನಮ್ಮ ಬೆಟ್ಟಕ್ಕೆ ಗಡಿಯಾರ ಹತ್ತಿ ಬಂದಿರಲಿಲ್ಲ. ಸುತ್ತ ಕಾಡು, ನಡುವೆ ಹನ್ನೊಂದು ಮನೆ. ಪಾಳೇಗಾರನಿಗೆ ಎದುರು ನಿಂತವರು ಕಟ್ಟಿದ ಊರು ಎಂದು ತಾತ ಎದೆಯುಬ್ಬಿಸುತ್ತಿದ್ದ. ಓಡಿಬಂದವರು ಕಟ್ಟಿದ್ದೆಂದು ನನ್ನ ಅನುಮಾನ. ನಮ್ಮ ವಂಶದಲ್ಲಿ ಎಲ್ಲರದೂ ಒಳ್ಳೆಯ ಓಟ.

ಹೊತ್ತಿಳಿಯುವಾಗ ಪ್ರತಿ ಮನೆಯ ಹಿರಿಯಳು ಬಂಡೆ ಹತ್ತಿ ಕಾಡಿನತ್ತ ಕೂಗುವಳು. ಮನೆಗೊಂದು ಕೂಗು. ತಮ್ಮ ಮನೆಯದು ಕೇಳಿಸಿದವರು ಕೆಲಸ ಬಿಟ್ಟು, ದನಿ ಬಂದ ದಿಕ್ಕಿಗೆ ಹತ್ತಿ ಬರಬೇಕು. ನನಗೋ ನಾಲಿಗೆ ಸುಮ್ಮನಿರದ ವಯಸ್ಸು. ತಾತನ ಕೆಮ್ಮು, ಕಾಡಿನ ಗಾರ್ಡಿನ ಗದರು, ಅಜ್ಜಿಯ ಕೂಗು, ಎಲ್ಲ ನನ್ನ ಗಂಟಲಲ್ಲಿದ್ದವು.

ಆ ಸೀಗೆಕಾಯಿ ಕಾಲದಲ್ಲಿ ಒಂದೇ ವಾರ ಎರಡು ಸಲ ಅಜ್ಜಿಯ ಹಾಗೆ ಕೂಗಿ, ಕಾಯಿ ಬಿಡಿಸುತ್ತಿದ್ದ ಚಿಕ್ಕವ್ವನನ್ನು ನಡುಮಧ್ಯಾಹ್ನವೇ ಮನೆಗೆ ಓಡಿಸಿದೆ. ಎರಡನೆಯ ಸಲ ಕೈತುಂಬ ಮುಳ್ಳು ಗೀರಿಸಿಕೊಂಡು ಬಂದಳು.

"ಇನ್ನು ಅತ್ತೆ ಕೂಗು ಕೇಳುದ್ರೂ ಅಲುಗಾಕಿಲ್ಲ ಕಣ್ಲಾ, ಓಗು."

ಮಾರನೆಯ ದಿನ ಗಂಡಸರೆಲ್ಲ ಸಂತೆಗೆ ಇಳಿದಿದ್ದರು. ಇಳಿಹೊತ್ತಿನಲ್ಲಿ ಹಳ್ಳದ ಕಡೆ ಬಿದಿರು ಮುರಿಯುವ ಸದ್ದು. ಆನೆಗಳು. ಚಿಕ್ಕವ್ವನಿದ್ದ ಸೀಗೆಮೆಳೆಯೂ ಅದೇ ಮಗ್ಗುಲು. ಅಜ್ಜಿ ಬಂಡೆ ಹತ್ತಿ ಕೂಗಿದಳು. ಮತ್ತೆ ಕೂಗಿದಳು.

"ಯಾಕ್ಲಾ ಇವಳು ಓಗೊಡಾಕಿಲ್ಲ?"

ನಿಂತಲ್ಲಿ ನಿಲ್ಲಲಾಗದೆ ಮಾಡಿದ್ದೆಲ್ಲ ಹೇಳಿಬಿಟ್ಟೆ. ಅಜ್ಜಿ ಹೊಡೆಯಲಿಲ್ಲ, ಅದಕ್ಕೇ ಹೆಚ್ಚು ಹೆದರಿದೆ.

"ನಿನ್ ಸ್ವಂತ ಗಂಟಲಲ್ಲಿ ಕೂಗು."

ಬಾಯಿ ತೆರೆದರೆ ಮೊದಲು ತಾತನ ಕೆಮ್ಮು ಬಂತು, ಆಮೇಲೆ ಗಾರ್ಡಿನ ಗದರು.

"ನಿಂದು ಕಣ್ಲಾ, ನಿಂದು," ಎಂದು ಅಜ್ಜಿ ಭುಜ ಹಿಡಿದು ಅಲುಗಿಸಿದಳು.

ಅಳು ಬಂದ ಮೇಲೆ ಕೋಳಿಮರಿಯಂಥ ಒಂದು ಕೀರಲು ಹೊರಟಿತು. "ಚಿಕ್ಕವ್ವಾ, ನಾನು ಕಣವ್ವ. ಅಳ್ಳದಾಗೆ ಆನೆ ಅವೆ. ಬಂಡೆ ಕಡೀಕೆ ಬಾರವ್ವ."

ಬಹಳ ಹೊತ್ತಿನ ಮೇಲೆ ಮೆಳೆಯೊಳಗಿಂದ "ಬಂದೇ" ಎಂಬ ಸದ್ದು ಕೇಳಿತು. ಬುಟ್ಟಿ ಅಲ್ಲೇ ಬಿಟ್ಟು ಹತ್ತಿ ಬಂದವಳು, ಏದುಸಿರಿನಲ್ಲೇ ನನ್ನ ಕಿವಿ ಹಿಂಡಿದಳು.

"ಇಷ್ಟು ಕೆಟ್ಟ ದನಿಯ ಯಾರೂ ಬೇಕಂತ ಮಾಡಾಕಿಲ್ಲ ಬುಡು ಅಂತ ಎದ್ದು ಬಂದೆ."

ಈಗ ಮದ್ದೂರಿನ ಗೆಳೆಯರ ಮುಂದೆ ಅಜ್ಜಿಯ ಕೂಗು ಕೂಗುತ್ತೇನೆ. ಹೊಟ್ಟೆ ಹಿಡಿದು ನಗುತ್ತಾರೆ. ಮೆಳೆ ಕಡಿದು ಹೊಲ ಮಾಡಿದ್ದಾರೆ. ಅಜ್ಜಿಯಿಲ್ಲ, ಚಿಕ್ಕವ್ವನೂ ಇಲ್ಲ. ಆ ದನಿ ಕೇಳಿದೊಡನೆ ಕೈಯಲ್ಲಿದ್ದುದನ್ನು ಬಿಟ್ಟು ಮನೆಯತ್ತ ತಿರುಗುವವರು, ಹುಡುಕಿದರೆ, ನಾನೊಬ್ಬನೇ.