ಉಪದೇಶಿಗಳಿಗೆ ನಾನು ಹೇಳಿಕೊಟ್ಟ ಪ್ರಸಂಗ

ಇವತ್ತು ಬೆಳಿಗ್ಗೆ ತೋಟದ ರಂಗಪ್ಪ ಕಡೂರಿನ ನನ್ನ ಮಂಡಿಗೆ ಒಂದು ಗಾಡಿ ತೆಂಗಿನಕಾಯಿ ತಂದ. ಹೆಂಡತಿ ತೀರಿಕೊಂಡ ಮೇಲೆ ಅವನು ಈ ಕಡೆ ಬಂದದ್ದು ಇದೇ ಮೊದಲು. ನಾನು ಅಭ್ಯಾಸದಂತೆ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಕೊಬ್ಬರಿ ಗುಡುಗುಡು ಅಂದಿತು. ಆ ಸದ್ದು ಕೇಳಿದರೆ ನನಗೆ ತರೀಕೆರೆಯ ಉಪದೇಶಿ ಶಾಂತಪ್ಪನವರು ನೆನಪಾಗುತ್ತಾರೆ. ಕೊಬ್ಬರಿಗೂ ಕ್ರೈಸ್ತರ ಚರ್ಚಿನಲ್ಲಿ ಉಪದೇಶಿ ಮಾಡುವ ಪ್ರಸಂಗಕ್ಕೂ ಏನು ನಂಟು ಅಂತೀರಾ? ಕೂತ್ಕೊಳ್ಳಿ, ಹೇಳ್ತೀನಿ.

ತರೀಕೆರೆಯ ಪುಟ್ಟ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಸುಗ್ಗಿಯ ಹಬ್ಬ. ಸಭೆಯವರು ಬೆಳೆದದ್ದರಲ್ಲಿ ಮೊದಲ ಫಲ ತಂದು ದೇವರ ಮುಂದಿಡುತ್ತಿದ್ದರು. ಆರಾಧನೆ ಮುಗಿದ ಮೇಲೆ ಅದು ಅಲ್ಲೇ ಹರಾಜು. ಹರಾಜು ಅಂದರೆ ನಾನು ಬಿಡುವವನೇ? ಆದರೆ ಹರಾಜಿಗೆ ಮುಂಚೆ ಪ್ರಸಂಗ ಕೇಳಲೇಬೇಕಿತ್ತು. ಶಾಂತಪ್ಪನವರು ದೇವರಂಥ ಮನುಷ್ಯ, ಪ್ರಸಂಗ ಮಾತ್ರ ಕಚೇರಿಯ ಹುಕುಂ ಓದಿದ ಹಾಗೆ. ಕಾಗದದಿಂದ ಕಣ್ಣೇ ಎತ್ತುತ್ತಿರಲಿಲ್ಲ. ಮುಂದಿನ ಬೆಂಚಿನ ಮುದುಕರು ತೂಕಡಿಸುತ್ತಿದ್ದರು, ಹಿಂದಿನ ಬೆಂಚಿನಲ್ಲಿ ನಾನು ಕುಂಬಳಕಾಯಿಗಳ ಮೇಲೆ ಕಣ್ಣಿಟ್ಟಿರುತ್ತಿದ್ದೆ.

ಒಂದು ವರ್ಷ ಹಬ್ಬ ಹತ್ತಿರವಿರುವಾಗ ಅವರೇ ಮಂಡಿಗೆ ಬಂದರು. ಮುಖ ಬಾಡಿತ್ತು.

"ಸಾವ್ಕಾರ್ರೇ, ಈ ಸಲ ಮಿಶನ್ನಿನ ಪಾದ್ರಿ ದೊರೆಗಳೇ ಬಂದು ಕೂತು ನನ್ನ ಪ್ರಸಂಗ ಕೇಳ್ತಾರಂತೆ. ಒಪ್ಪಿದ್ರೆ ಇಲ್ಲೇ ಇರ್ತೀನಿ. ಇಲ್ದಿದ್ರೆ ಯಾವ್ದೋ ಊರಿಗೆ ಮಗ್ಗಿ ಹೇಳ್ಕೊಡೋಕೆ ಕಳಿಸ್ತಾರೆ. ನಂಗೆ ನಮ್ಮ ಜನ ಅಂತ ಇರೋರು ಈ ಸಭೆಯವರೇ."

"ಪ್ರಸಂಗ ಯಾವಾಗ ಬರೀತೀರಿ?"

"ಶನಿವಾರ ಸಂಜೆ."

"ಅಲ್ಲೇ ಇದೆ ಎಡವಟ್ಟು!" ಅಂದು ಒಂದು ಒಣಗಿದ ಕಾಯಿ ಅವರ ಕೈಗಿಟ್ಟೆ. "ಇದು ಅಟ್ಟದ ಮೇಲೆ ಕೂತು ಕೂತು ಒಳಗೇ ಚಿಪ್ಪು ಬಿಟ್ಟಿದೆ. ಈಗ ಒಡೆದ್ರೆ ಉಂಡೆ ಕೊಬ್ಬರಿ. ನೀವು ಹಸೀದನ್ನೇ ಒಡೀತಿದ್ದೀರಿ ಕಣ್ರೀ. ಬೈಬಲಿನ ವಾಕ್ಯಾನ ಈಗಿಂದ್ಲೇ ತಲೇಲಿಟ್ಕೊಂಡು ಓಡಾಡಿ. ಕಾಗದ ಬಿಸಾಕಿ, ಮುಖ ನೋಡಿ. ಗಿರಾಕಿ ಮುಖ ನೋಡ್ದೆ ವ್ಯಾಪಾರ ಆಗುತ್ತಾ? ಇನ್ನೊಂಚೂರು ಬೇಕಿತ್ತು ಅನ್ನೋವಾಗ ನಿಲ್ಸಿ."

"ದೇವರ ವಾಕ್ಯ ವ್ಯಾಪಾರ ಅಲ್ಲ, ಸಾವ್ಕಾರ್ರೇ," ಅಂತ ನಕ್ಕರು. ಆದರೂ ಕಾಯಿ ಚೀಲ ಸೇರಿತು. ನಾನು ಕಾಸು ಕೇಳಲಿಲ್ಲ, ಅದನ್ನೂ ಗಮನಿಸಿ.

ಹಬ್ಬದ ದಿನ ದೊರೆ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಶಾಂತಪ್ಪನವರ ಕೈಯಲ್ಲಿ ಕಾಗದವಿರಲಿಲ್ಲ. ಆ ಕಾಯಿ ಎತ್ತಿ ಅಲ್ಲಾಡಿಸಿ, "ಕೇಳಿಸ್ತಾ?" ಅಂದರು. ಮಕ್ಕಳು ಕಿಸಕ್ಕನೆ ನಕ್ಕವು, ಮುದುಕರು ಎಚ್ಚೆತ್ತರು, ಹಿಂದೆ ನಾನು ಎದೆಯುಬ್ಬಿಸಿ ಕೂತೆ.

"ಕತ್ತಲಲ್ಲೇ ಕಾಯಿ ಮಾಗಿಸೋ ದೇವರಿಗೆ ಎಲ್ಲರೂ ವಂದನೆ ಹೇಳೋಣ," ಅಂದು, ನಾನು ಕಲಿಸಿದಂತೆಯೇ ಎದುರಿನ ಮುಖ ನೋಡಿದರು. ಅದು ಮರಿಯಮ್ಮನ ಮುಖ. ಆ ತಿಂಗಳಷ್ಟೇ ಪ್ಲೇಗಿನಲ್ಲಿ ಇದ್ದೊಬ್ಬ ಮಗನನ್ನು ಕಳೆದುಕೊಂಡಿದ್ದಳು.

"ನಾನೂ ಹೇಳ್ಬೇಕಾ, ಸ್ವಾಮಿ?" ಅಂದಳು ಮರಿಯಮ್ಮ.

ಕಾಗದ ನೋಡಿ ಓದಿದ್ದರೆ ಈ ಪಾಡು ಬರುತ್ತಿತ್ತೇ? ಏನಾದ್ರೂ ಹೇಳಿ ಮಾರಾಯ್ರೇ, ದೊರೆ ನೋಡ್ತಿದ್ದಾರೆ ಅಂತ ನಾನು ಒಳಗೇ ಒದ್ದಾಡಿದೆ. ಅವರು ಕಾಯಿ ಕೆಳಗಿಟ್ಟು ಇಳಿದು ಬಂದು, ಅವಳ ಪಕ್ಕ ಬೆಂಚಿನ ಮೇಲೆ ಕೂತರು.

"ಬೇಡ ಕಣಮ್ಮ. ನಂಗೂ ಏನು ಹೇಳ್ಬೇಕೋ ತಿಳೀತಿಲ್ಲ. ಇವತ್ತು ನಿನ್ನ ಪಾಲಿಂದೂ ನಾವೇ ಹೇಳ್ತೀವಿ."

ಅಷ್ಟೇ. ಅವರು ಮತ್ತೆ ಏಳಲಿಲ್ಲ. ಹೆಂಗಸರ ಕಡೆಯಿಂದ ಯಾರೋ ಮೆಲ್ಲಗೆ ಒಂದು ಹಾಡು ಎತ್ತಿಕೊಂಡರು, ಉಳಿದವರು ಸೇರಿಕೊಂಡರು.

ಕೆಲಸ ಹೋಯ್ತು ಅಂದುಕೊಂಡೆ. ಹರಾಜಿಗೂ ನಿಲ್ಲದೆ ದೊರೆಗಳ ಹಿಂದೆ ಓಡಿದೆ. "ಇನ್ನೊಂದ್ಸಲ ಕೇಳಿ ನೋಡಿ ಸ್ವಾಮಿ, ಚೆನ್ನಾಗಿ ಮಾತಾಡ್ತಾರೆ," ಅಂತ ಚೌಕಾಸಿಗಿಳಿದೆ.

ದೊರೆ ತಮ್ಮ ಪುಸ್ತಕದ ಕನ್ನಡದಲ್ಲಿ ಅಂದರು: "ಇನ್ನೇನು ಕೇಳಬೇಕು? ಅವರು ಇಲ್ಲಿಯೇ ಇರುವರು."

ನಾನು ಬಾಯಿ ಬಿಡುವ ಮುಂಚೆಯೇ ಕುದುರಿಹೋಗಿದ್ದ ವ್ಯಾಪಾರ ಅದೊಂದೇ.

ಇವತ್ತು ಬೆಳಿಗ್ಗೆ ಇದೆಲ್ಲ ನೆನೆದು ತಿರುಗಿ ನೋಡಿದರೆ, ರಂಗಪ್ಪ ಇನ್ನೂ ಬೆಲೆ ಕೇಳದೆ ಜಗಲಿಯ ಮೇಲೆ ಕೂತೇ ಇದ್ದ. ಮನಸ್ಸು ಗಟ್ಟಿ ಮಾಡ್ಕೋ, ಮಕ್ಕಳ ಮುಖ ನೋಡ್ಕೋ ಅಂತ ಬುದ್ಧಿಮಾತು ಸಾಲಾಗಿ ನನ್ನ ನಾಲಿಗೆಗೆ ಬಂದು ನಿಂತಿತ್ತು. ಕೈಯಲ್ಲಿದ್ದ ಕಾಯಿ ಕೆಳಗಿಟ್ಟೆ.

"ಒಂಚೂರು ಜರುಗೋ, ರಂಗಪ್ಪ," ಅಂದು ಅವನ ಪಕ್ಕದಲ್ಲಿ ಕೂತೆ.