ಮೇಷ್ಟ್ರ ಮುಖ

ಕೆ.ಆರ್. ನಗರದ ಖಾಸಗಿ ಶಾಲೆಯೊಂದರಲ್ಲಿ ಹನ್ನೊಂದು ವರ್ಷ ಗಣಿತ ಹೇಳಿಕೊಟ್ಟ ಮಹೇಂದ್ರ ಮೇಷ್ಟ್ರು ಕೆಲಸ ಬಿಟ್ಟು, ಗೋವಾದ ಕ್ಯಾಸಿನೋಗಳಲ್ಲಿ ಪೋಕರ್ ಎಂಬ ಇಸ್ಪೀಟಾಟ ಆಡುವುದನ್ನೇ ಕಸುಬು ಮಾಡಿಕೊಂಡು ಎರಡು ವರ್ಷವಾಗಿತ್ತು. ತಿಂಗಳಿಗೆ ಇಪ್ಪತ್ತು ದಿನ ಅಲ್ಲೇ ಇರುತ್ತಿದ್ದರು. ಸಂಪಾದನೆಗೇನೂ ಕೊರತೆಯಿರಲಿಲ್ಲ. ಎಂಥ ಎಲೆ ಬಿದ್ದರೂ ಎದುರಿನವರಿಗೆ ಗೊತ್ತಾಗದಂತೆ ಮುಖ ಬಿಗಿಹಿಡಿಯುವುದನ್ನು ಕನ್ನಡಿಯ ಮುಂದೆ ಕೂತು ಕಲಿತಿದ್ದರು.

ಆ ಸಲ ಊರಿಗೆ ಬಂದಾಗ ಮಗಳು ಸ್ಪಂದನಾ ಬಾಗಿಲಿಗೇ ಓಡಿಬಂದಳು. "ಅಪ್ಪಾ, ಜಿಲ್ಲಾ ಮಟ್ಟದ ಓಟಕ್ಕೆ ಸೆಲೆಕ್ಟ್ ಆದೆ ಕಣಪ್ಪಾ!"

ಮಹೇಂದ್ರರ ಎದೆ ಹಿಗ್ಗಿತು. "ಒಳ್ಳೇದಾಯ್ತು ಪುಟ್ಟಿ," ಎಂದರು. ಹುಡುಗಿ ಅವರ ಅಲುಗದ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದಳು.

"ಅಪ್ಪಂಗೆ ಇಷ್ಟ ಆಗ್ಲಿಲ್ವೇನಮ್ಮಾ?"

"ನಿಮ್ಮಪ್ಪ ಈಗ ಅಂಗೇ ಕಣವ್ವ, ಬುಡು," ಎಂದಳು ಹೆಂಡತಿ ಮಧುಶ್ರೀ. ಎರಡು ಮಾತೂ ಹೊರಗಿದ್ದ ಮಹೇಂದ್ರರಿಗೆ ಕೇಳಿಸಿದವು.

ಮಾರನೆಯ ದಿನವೇ ಹೆಡ್‌ಮಾಸ್ಟರ್ ಗೋವಿಂದಯ್ಯನವರ ಮನೆಗೆ ಹೋಗಿ ಮತ್ತೆ ಕೆಲಸ ಕೇಳಿದರು.

"ಬೇರೆಯವ್ರನ್ನ ತಗಂಡ್ಬುಟ್ವಲ್ಲ ಮೇಷ್ಟ್ರೇ," ಎಂದು ಗೋವಿಂದಯ್ಯ ನೊಂದುಕೊಂಡರು. "ನೀವು ನಗ್ನಗ್ತಾ ಪಾಠ ಮಾಡ್ತಿದ್ದದ್ನ ಮಕ್ಕಳು ಇನ್ನೂ ನೆನೀತವೆ ಕಣ್ರೀ."

ಸ್ಪಂದನಾ ಓಟ ನೋಡಲು ಬಾ ಎಂದು ಕರೆಯಲಿಲ್ಲ. ಮೈಸೂರಿನ ಮೈದಾನದಲ್ಲಿ ಅವಳು ಓಡಿದ ದಿನ ಮಹೇಂದ್ರ ಗೋವಾದಲ್ಲಿ ಆಡುತ್ತ ಕೂತಿದ್ದರು.