ಖಟ್ಲೆ ಬಿಟ್ಟುಕೊಟ್ಟ ಅಂಬಾರಾಯ ವಕೀಲರು

ನನ್ನ ಹಿಟ್ಟಿನ ಗಿರಣಿಯ ಸದ್ದನ್ನು ಮೀರಿ ಕೇಳಿಸುವ ದನಿ ನಮ್ಮ ಓಣಿಯಲ್ಲಿ ಒಂದೇ ಇತ್ತು, ಅದು ಅಂಬಾರಾಯ ವಕೀಲರದು. ಬೆಲ್ಟು ಪಟಪಟ ಬಡಿಯುತ್ತ ಜೋಳ ಬೀಸುತ್ತಿರುವಾಗ ಉಳಿದ ಗಿರಾಕಿಗಳೆಲ್ಲ ನನ್ನೊಡನೆ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ವಕೀಲರು ಮಾತ್ರ ಬಾಗಿಲಲ್ಲಿ ನಿಂತೇ, "ಮಾದೇವಿ, ಹಿಟ್ಟು ಭಾಳ ಸಣ್ಣ ಆಗ್ಲಿಕತ್ತದ, ಕಲ್ಲು ಜರಾ ಸಡ್ಲ ಮಾಡು" ಎನ್ನುತ್ತಿದ್ದರು. ಸಣ್ಣ ಆಗಿಲ್ಲರಿ ಎಂದರೆ ಮುಗಿಯಿತು, ವಾದ ಶುರು. ಹಿಟ್ಟನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ, ಹಿಂದೆ ನಿಂತವರ ಕೈಗೂ ಒಂದೊಂದು ಚಿಟಿಕೆ ಹಾಕಿ ಅಭಿಪ್ರಾಯ ಕೇಳುತ್ತಿದ್ದರು. ಅವರೆಲ್ಲ ನನ್ನ ಪರವಾಗಿ ಹೇಳಿದರೆ, "ಈ ಸಾಕ್ಷಿ ನಡಿಯಂಗಿಲ್ಲ. ಎಲ್ಲಾರೂ ನಿನ್ನ ಗಿರಾಕಿಗಳೇ ಅದಾರ" ಎಂದು ತಳ್ಳಿಹಾಕಿ, ಅದೇ ಹಿಟ್ಟನ್ನು ಡಬ್ಬಿಗೆ ಸುರಿದುಕೊಂಡು ಹೋಗುತ್ತಿದ್ದರು.

ಅವರದು ಒಂಟಿ ಜೀವನ. ಮದುವೆಯಾಗಿರಲಿಲ್ಲ. ಹುಟ್ಟಿದ್ದು ಚಿಂಚೋಳಿ ಕಡೆಯ ಐನಾಪುರದಲ್ಲಿ, ಅಲ್ಲಿ ತಂಗಿ ಇದ್ದಳು. ಶಹಾಬಾದಿನಲ್ಲಿ ನಮ್ಮ ಓಣಿಯ ಕೊನೆಯ ಮನೆಯಲ್ಲಿದ್ದುಕೊಂಡು, ತಾವೇ ರೊಟ್ಟಿ ಬಡಿದುಕೊಂಡು, ಬೆಳಗಿನ ರೈಲು ಹಿಡಿದು ವಾಡಿಯಲ್ಲಿ ಬದಲಿಸಿ ಚಿತ್ತಾಪುರದ ಕೋರ್ಟಿಗೆ ಹೋಗುತ್ತಿದ್ದರು. ಕರಿ ಕೋಟು ತೋಳಿನ ಮೇಲೆ ಇರುತ್ತಿತ್ತು. ಅದನ್ನು ತೊಡುತ್ತಿದ್ದುದು ಕೋರ್ಟಿನ ಮೆಟ್ಟಿಲ ಹತ್ತಿರ ಮಾತ್ರ. ಅವರ ಕೈಗೆ ಬರುತ್ತಿದ್ದುದೆಲ್ಲ ಸಣ್ಣ ವ್ಯಾಜ್ಯಗಳು: ಬದುವಿನ ಕಲ್ಲು ಸರಿದದ್ದು, ಅಣ್ಣತಮ್ಮಂದಿರ ನಡುವಿನ ಗೋಡೆ, ನೆಲಕ್ಕೆ ಹಾಸುವ ಪರ್ಸಿಕಲ್ಲಿನ ಗಾಡಿ ಬಡಿದು ಮುರಿದ ಕಾಲು. "ಒಂದು ಖಟ್ಲೆ ಬರ್ಬೇಕು ಮಾದೇವಿ," ಎಂದು ಆಗಾಗ ಹೇಳುವರು. "ಊರು ನೆನಪಿಡುವಂಥದ್ದು. ಒಂದೇ ಸಾಕು."

ನಮ್ಮ ಅಂಗಳದ ಬೇವಿನ ಮರದ ಕೆಳಗೆ ಅವರು ಸಾಕ್ಷಿಗಳನ್ನು ತಯಾರು ಮಾಡುವುದನ್ನು ನೋಡುವುದೇ ಒಂದು ಮೋಜಾಗಿತ್ತು. ಹೆದರಿದ ರೈತನನ್ನು ಎದುರಿಗೆ ಕೂರಿಸಿಕೊಂಡು, "ಕೇಳಿದ್ದಕ್ಕಷ್ಟೇ ಹೇಳು. ಹೌದಂದ್ರ ಹೌದು, ಇಲ್ಲಂದ್ರ ಇಲ್ಲ. ಕತಿ ಹೇಳಾಕ ಹೋಗಬ್ಯಾಡ" ಎನ್ನುತ್ತಿದ್ದರು. ಇಷ್ಟನ್ನು ಹೇಳಿ ಮುಗಿಸಲು ಅವರಿಗೆ ಅರ್ಧ ತಾಸು ಬೇಕಾಗುತ್ತಿತ್ತು. ನಡುವೆ ಅವರದೇ ಹತ್ತು ಕತೆಗಳು ಬಂದುಹೋಗುತ್ತಿದ್ದವು.

ಓಣಿಯ ಹಿಂದಿನ ಬಯಲಿನಲ್ಲಿ ಹಳೇ ಟೈರು ಕಾಯಿಸಿ ಎಣ್ಣೆ ತೆಗೆಯುವ ಕಾರ್ಖಾನೆಯೊಂದು ಇತ್ತು. ಮೊದಲು ಅಲ್ಲಿ ಕಲ್ಲು ಕೊಯ್ಯುವ ಶೆಡ್ಡಿತ್ತು, ಅದು ಮುಚ್ಚಿದ ಮೇಲೆ ಇದು ಬಂತು. ಅದರ ವಾಸನೆಗೆ ನಾವು ಒಗ್ಗಿಕೊಂಡಿದ್ದೆವು. ಒಂದು ಸಂಜೆ ವಾಸನೆ ಹೆಚ್ಚಾಯಿತೆಂದು ವಕೀಲರು ಒಬ್ಬರೇ ಗೇಟಿನೊಳಗೆ ಹೋಗಿದ್ದಾರೆ. ಒಂದು ಟ್ಯಾಂಕಿನ ಬಾಯಿಂದ ಎಣ್ಣೆ ಸೋರಿ ಒಲೆಯ ಕಡೆಗೆ ಹರಿಯುತ್ತಿತ್ತಂತೆ. ಮ್ಯಾನೇಜರನನ್ನು ಕರೆದು ತೋರಿಸಿದ್ದಾರೆ. ಆತ, "ನಾಳೆ ನೋಡೋಣ ವಕೀಲ್ ಸಾಬ್" ಎಂದಿದ್ದಾನೆ.

ಮರುದಿನ ಮಧ್ಯಾಹ್ನ ಗಿರಣಿ ನಡೆದಿತ್ತು. ಧಡ್ ಎಂದು ಸದ್ದಾಯಿತು, ಛಾವಣಿಯ ಪತ್ರಾಸುಗಳು ಅದುರಿದವು. ಬೆಲ್ಟು ಹರಿಯಿತೆಂದುಕೊಂಡು ನಾನು ಗಿರಣಿ ಬಂದ್ ಮಾಡಿದೆ. ಹೊರಗೆ ಬಂದರೆ ಬಯಲಿನ ಮೇಲೆ ಕರಿ ಹೊಗೆ ಗೋಡೆಯಂತೆ ಎದ್ದು ನಿಂತಿತ್ತು. ಹಿಟ್ಟಿನ ಮೇಲೆ, ಮಾಳಿಗೆಗಳ ಮೇಲೆ ಒಣಗಿಸಿದ ಮೆಣಸಿನಕಾಯಿಯ ಮೇಲೆ, ಮಕ್ಕಳ ತಲೆಯ ಮೇಲೆ ಮಸಿ ಉದುರತೊಡಗಿತು. ಎದುರು ಮನೆಯ ಇಸ್ಮಾಯಿಲ್ ಭಾಯಿ ಕಲ್ಲು ಪಾಲಿಶ್ ಮಾಡುವವನು. ಅವನ ತಾಯಿ ಬಿಸ್ಮಿಲ್ಲಾ ಬೀಗೆ ಉಸಿರೇ ಬರದಂತಾಗಿ, ಅವನು ಅವಳನ್ನು ಕಲ್ಲು ಸಾಗಿಸುವ ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದ. ಕಾರ್ಖಾನೆಯಲ್ಲಿ ಕೆಲಸದವರಿಬ್ಬರಿಗೆ ಮೈ ಸುಟ್ಟಿತು. ಓಣಿಯ ಬಾವಿಯ ನೀರಿನ ಮೇಲೆ ಎಣ್ಣೆಯ ಪದರ ನಿಂತಿತು. ಬಿಸ್ಮಿಲ್ಲಾ ಬೀ ಬದುಕಿ ಬಂದಳು, ಆದರೆ ಅವಳ ಎದೆಯ ಸುಂಯ್ ಸದ್ದು ಮಾತ್ರ ನಿಲ್ಲಲೇ ಇಲ್ಲ.

ಹೊಗೆ ಆರುವ ಮೊದಲೇ ಕಂಪನಿಯ ಜನ ಮನೆಮನೆಗೆ ಬಂದರು. ಕೈಯಲ್ಲಿ ಚೆಕ್ಕು, ಜೊತೆಗೊಂದು ಕಾಗದ. ಮುಂದೆ ಯಾವ ತಕರಾರೂ ಮಾಡುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ನಾನೂ ಪೆನ್ನು ಹಿಡಿದಿದ್ದೆ. ಅಷ್ಟರಲ್ಲಿ ಓಣಿಯ ಆ ತುದಿಯಿಂದ ವಕೀಲರ ದನಿ ಬಂತು.

"ರೊಕ್ಕ ಕೊಟ್ರ ತಗೊಳ್ರಿ, ಸಹಿ ಮಾತ್ರ ಮಾಡಬ್ಯಾಡ್ರಿ! ಸಹಿ ಇಲ್ದ ಕೊಡಂಗಿಲ್ಲ ಅಂದ್ರ ಅದು ಮದತ್ ಅಲ್ಲ, ವ್ಯಾಪಾರ!"

ಆ ವಾರವೆಲ್ಲ ಅವರು ಕೋರ್ಟಿಗೆ ಹೋಗಲಿಲ್ಲ. ಕೆಮ್ಮಿದವರನ್ನೆಲ್ಲ ಸರ್ಕಾರಿ ದವಾಖಾನೆಗೆ ಅಟ್ಟಿದರು. "ಮನಿಮದ್ದು ಆಮ್ಯಾಲೆ ಮಾಡ್ಕೊಳ್ರಿ. ಮೊದ್ಲು ಡಾಕ್ಟರ್ ನಿಮ್ಮ ಹೆಸರಿಲೆ ಚೀಟಿ ಬರೀಲಿ." ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿದರು, ಮಸಿ ತೊಳೆಯುವ ಮೊದಲು ಫೋಟೋ ತೆಗೆಸಿದರು, ಪೊಲೀಸರಿಗೆ ದೂರು ಕೊಡಿಸಿದರು. ಸುಟ್ಟುಕೊಂಡ ಕೆಲಸಗಾರರ ಮನೆಯವರಿಗೆ, ನಿಮ್ಮ ಪರಿಹಾರದ ಕಾನೂನು ಬೇರೆ, ನಮ್ಮದರೊಳಗೆ ಕಲಸಬೇಡಿ ಎಂದು ಬಿಡಿಸಿ ಹೇಳಿದರು.

ಒಂದು ಭಾನುವಾರ ಓಣಿಯವರೆಲ್ಲ ನಮ್ಮ ಅಂಗಳದಲ್ಲಿ ಸೇರಿದರು. ವಕೀಲರು ಎದ್ದು ನಿಂತು ದಾರಿಗಳನ್ನು ವಿವರಿಸಿದರು.

"ಒಂದು, ಜಿಲ್ಲಾಧಿಕಾರಿ ಹಂತ್ಯಾಕ ಅರ್ಜಿ. ಇಂಥಾ ಅಪಾಯದ ಮಾಲು ಇಟ್ಕೊಂಡವರು ಮಂದಿಗಿ ನುಕ್ಸಾನ ಮಾಡಿದ್ರ, ತಪ್ಪು ಯಾರ್ದಂತ ನಾವು ತೋರ್ಸಬೇಕಾಗಿಲ್ಲ. ನುಕ್ಸಾನ ಆಗ್ಯದಂತ ತೋರ್ಸಿದ್ರ ಸಾಕು, ಪರಿಹಾರ ಕೊಡ್ಲೇಬೇಕು. ಆದ್ರ ಅದು ಸ್ವಲ್ಪೇ. ಎರಡು, ಪರಿಸರದ ಖಟ್ಲೆ ನೋಡೋ ನ್ಯಾಯಮಂಡಳಿ. ದವಾಖಾನಿ ಖರ್ಚು, ಬಾವಿ ಶುದ್ಧ ಮಾಡ್ಸೋದು, ಕಾರ್ಖಾನಿ ಬಂದ್ ಮಾಡ್ಸೋದು, ಎಲ್ಲಾ ಅಲ್ಲಿ ಕೇಳಬಹುದು. ಮೂರು, ಪೊಲೀಸರ ಕೇಸು. ಅದು ಚಿತ್ತಾಪುರದಾಗ ನಡೀತದ. ಅಲ್ಲಿ ಮಾತ್ರ ತಪ್ಪೇ ಮುಖ್ಯ. ಗೊತ್ತಿದ್ದೂ ಸುಮ್ನಿದ್ರು ಅಂತ ಸಾಬೀತ್ ಆಗ್ಬೇಕು."

"ಮೂರೂ ಮಾಡೂಣು" ಎಂದ ಇಸ್ಮಾಯಿಲ್ ಭಾಯಿ. "ವಕಾಲತ್ತು ನಿಮ್ಮ ಹೆಸರಿಗೇ. ನಮ್ಮ ಓಣ್ಯಾಗೇ ವಕೀಲ್ ಇದ್ದಾಗ ಹೊರಗಿನವರು ಯಾಕ?"

ಎಲ್ಲರೂ ಹೂಂ ಎಂದರು. ವಕೀಲರು ಕುಳಿತುಬಿಟ್ಟರು. ತೊಡೆಯ ಮೇಲಿದ್ದ ಕೋಟನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

"ನಾ ಹಿಡಿಯಂಗಿಲ್ಲ" ಎಂದರು.

"ಯಾಕ್ರಿ?"

"ಹಿಂದಿನ ದಿನ ಹೋಗಿ ಆ ಮ್ಯಾನೇಜರನಿಗಿ ಹೇಳಿದವ ನಾ ಒಬ್ನೇ. ಅದಕ್ಕ ನಾ ಸಾಕ್ಷಿ. ಸಾಕ್ಷಿ ಆಗೋ ಮನುಷ್ಯ ಅದೇ ಮಾತಿನ ಮ್ಯಾಲೆ ವಕೀಲ್ಕಿ ಮಾಡಂಗಿಲ್ಲ. ಕೋಟ್ ಹಾಕ್ಕೊಂಡ್ರ ನನ್ನ ಮಾತಿಗಿ ತೂಕ ಇರಂಗಿಲ್ಲ. ಸೇಡಂದಾಗ ಸುಜಾತಾ ಅಂತ ನನ್ನ ಜೂನಿಯರ್ ಇದ್ಲು, ಈಗ ಸ್ವಂತ ಕೇಸ್ ಹಿಡಿತಾಳ. ಆಕಿಗಿ ಕರ್ಕೊಂಡ್ ಬರ್ತೀನಿ."

ಹೇಳಿದ್ದು ಯಾರ ತಲೆಗೂ ಸರಿಯಾಗಿ ಹೋಗಲಿಲ್ಲ. ಕಿವಿಗೆ ಬಿದ್ದದ್ದು 'ಹಿಡಿಯಂಗಿಲ್ಲ' ಎಂಬುದೊಂದೇ. ಇಸ್ಮಾಯಿಲ್ ಭಾಯಿ ಎದ್ದು ನಿಂತ. ತಾಯಿ ಎದುರು ಮನೆಯಲ್ಲಿ ಏದುಸಿರು ಬಿಡುತ್ತಿದ್ದಳು, ಅವನೂ ವಾರದಿಂದ ನಿದ್ದೆಗೆಟ್ಟಿದ್ದ.

"ಎಷ್ಟಕ್ಕ ಮಾರ್ಕೊಂಡ್ರಿ, ವಕೀಲ್ ಸಾಬ್?"

ವಕೀಲರು ಎದ್ದರು. ಕೋಟು ಎತ್ತಿಕೊಂಡು ಮನೆಗೆ ಹೋದರು.

ಆಮೇಲೆ ಓಣಿ ಅವರನ್ನು ಮಾತಾಡಿಸಲಿಲ್ಲ. ಸುಜಾತಾ ಬಂದಳು. ತೆಳ್ಳನೆಯ ಹುಡುಗಿ, ಮಾತು ಕಡಿಮೆ. ನಮ್ಮ ಹೇಳಿಕೆಗಳನ್ನೆಲ್ಲ ಬರೆದುಕೊಂಡಳು. "ಇಷ್ಟು ಸಣ್ಣ ಹುಡುಗಿಗಿ ಕೊಟ್ಟು ತಾ ಪಾರಾದ" ಎಂದು ಹೆಂಗಸರು ಗೊಣಗಿದರು. ವಕೀಲರು ಜೋಳದ ಡಬ್ಬಿ ಹಿಡಿದು ಬಂದರೆ ಸಾಲಿನಲ್ಲಿದ್ದವರು ಮುಖ ತಿರುಗಿಸುತ್ತಿದ್ದರು. ಹಿಟ್ಟು ಸಣ್ಣಗಾಯಿತೋ ದಪ್ಪಗಾಯಿತೋ ನೋಡದೆ ಅವರು ಹೊರಟುಹೋಗುತ್ತಿದ್ದರು. ನನಗೂ ಏನು ನಂಬಬೇಕೆಂದು ತಿಳಿದಿರಲಿಲ್ಲ.

ತಿಳಿದದ್ದು ಆ ಮ್ಯಾನೇಜರನಿಂದಲೇ. ಒಂದು ಬೆಳಿಗ್ಗೆ ಅವನ ಕಾರು ಗಿರಣಿಯ ಮುಂದೆ ನಿಂತಿತು. ವಕೀಲರು ಡಬ್ಬಿಯ ಪಕ್ಕ ಕೂತಿದ್ದರು. ಆತ ಬಹಳ ಮರ್ಯಾದೆಯಿಂದ ಕೈಮುಗಿದ.

"ವಕೀಲ್ ಸಾಬ್, ಆ ಹುಡುಗಿ ಯಾಕ್ರಿ? ಮಂದಿಗಿ ನಿಮ್ಮ ಮ್ಯಾಲೆ ವಿಶ್ವಾಸ ಅದ. ನೀವೇ ಕೇಸ್ ಹಿಡೀರಿ. ನಿಮ್ಮ ಜೋಡಿ ಕುಂತು ಮಾತಾಡಿ ಎಲ್ಲಾ ಮುಗಸ್ತೀವಿ. ನಿಮಗೂ ಹೆಸರು ಬರ್ತದ."

ವಕೀಲರು ನಕ್ಕರು. ಬಹಳ ದಿನಗಳ ಮೇಲೆ ಅವರ ದೊಡ್ಡ ದನಿ ಕೇಳಿತು. "ನಾ ಕೋಟ್ ಹಾಕ್ಕೊಂಡ್ರ ನಿಮ್ಮ ವಿರುದ್ಧ ಸಾಕ್ಷಿ ಕಟ್ಟೆಗಿ ಬರೋನು ಒಬ್ಬ ಕಮ್ಮಿ. ಹೌದಿಲ್ಲೋ?"

ಮ್ಯಾನೇಜರನ ಮುಖ ಇಳಿಯಿತು. ಕಾರು ತಿರುಗಿಸಿಕೊಂಡು ಹೋದ. ನಾನು ಗಿರಣಿ ಬಂದ್ ಮಾಡಿ, ಹಿಟ್ಟಿನ ಕೈಯಲ್ಲೇ ರಸ್ತೆ ದಾಟಿ ಇಸ್ಮಾಯಿಲ್ ಭಾಯಿಯ ಶೆಡ್ಡಿಗೆ ಹೋದೆ. ಕೇಳಿದ್ದನ್ನೆಲ್ಲ ಹೇಳಿದೆ. ಅವನು ಪಾಲಿಶ್ ಯಂತ್ರದ ನೀರು ನಿಲ್ಲಿಸಿ, ಮೊದಲಿನಿಂದ ಇನ್ನೊಮ್ಮೆ ಹೇಳಿಸಿಕೊಂಡ.

ಮುಂದಿನದು ನಿಧಾನವಾಗಿ ನಡೆಯಿತು. ಜಿಲ್ಲಾಧಿಕಾರಿಯವರ ಕಚೇರಿಯಿಂದ ಪರಿಹಾರ ಮೊದಲು ಬಂತು. ದವಾಖಾನೆಯ ಚೀಟಿ ಇದ್ದವರಿಗೆ ಸಿಕ್ಕಿತು, ಸಹಿ ಮಾಡಿ ಚೆಕ್ಕು ಪಡೆದಿದ್ದ ಮನೆಗಳವರು ಒಂದಿಷ್ಟು ಓಡಾಡಬೇಕಾಯಿತು. ನ್ಯಾಯಮಂಡಳಿಯಲ್ಲಿ ಸುಜಾತಾ ಹೆಚ್ಚು ಮಾತಾಡಲಿಲ್ಲವಂತೆ, ಕಾಗದಗಳನ್ನೇ ಒಂದೊಂದಾಗಿ ಮುಂದಿಟ್ಟಳಂತೆ. ಆ ಜಾಗದಲ್ಲಿ ಕಾರ್ಖಾನೆ ಮತ್ತೆ ತೆರೆಯಬಾರದು, ಬಾವಿಯನ್ನು ಕಂಪನಿಯ ಖರ್ಚಿನಲ್ಲಿ ಶುದ್ಧ ಮಾಡಬೇಕು, ಎದೆರೋಗ ಬಂದವರ ಚಿಕಿತ್ಸೆ ನೋಡಿಕೊಳ್ಳಬೇಕು ಎಂದು ಆದೇಶವಾಯಿತು.

ಚಿತ್ತಾಪುರದ ಕೇಸಿನಲ್ಲಿ ವಕೀಲರು ಸಾಕ್ಷಿ ಹೇಳುವ ದಿನ ನಾವು ಕೆಲವರು ರೈಲಿನಲ್ಲಿ ಹೋದೆವು. ದಿನವೂ ಕೋಟು ಹಾಕಿ ನಿಲ್ಲುತ್ತಿದ್ದ ಕೋಣೆಯಲ್ಲಿ ಅಂದು ಅವರು ಬರೀ ಬಿಳಿ ಅಂಗಿಯಲ್ಲಿ ಕಟಕಟೆ ಹತ್ತಿದರು. ಕಂಪನಿಯ ವಕೀಲರು ಕಲಬುರಗಿಯವರು, ಚುರುಕಿನ ಮನುಷ್ಯ. ಎಣ್ಣೆ ಸೋರಿದ್ದನ್ನು ಎಲ್ಲಿಂದ ನೋಡಿದಿರಿ ಎಂದು ಕೇಳಿದರೆ, ನಮ್ಮವರು ಗೇಟಿನಿಂದ ಶುರುಮಾಡಿ, ಆ ಗೇಟನ್ನು ಹಿಂದೆ ಯಾರು ಹಾಕಿಸಿದ್ದರು, ಆಗ ಅಲ್ಲಿದ್ದ ಕಲ್ಲಿನ ಶೆಡ್ಡು ಯಾರದು ಎಂಬಲ್ಲಿಗೆ ಹೋಗಿಬಿಟ್ಟರು.

"ಕೇಳಿದ್ದಕ್ಕಷ್ಟೇ ಹೇಳಿ" ಎಂದರು ನ್ಯಾಯಾಧೀಶರು.

ಸರ್ಕಾರಿ ವಕೀಲರ ಪಕ್ಕ ಕುಳಿತಿದ್ದ ಸುಜಾತಾ ತಲೆ ತಗ್ಗಿಸಿ ನಗು ನುಂಗಿದಳು. ಕೊನೆಗೆ ಎದುರು ವಕೀಲರು, "ಮ್ಯಾನೇಜರಿಗೆ ಎಚ್ಚರಿಕೆ ಕೊಟ್ಟೆ ಅನ್ನುವುದಕ್ಕೆ ನಿಮ್ಮ ಮಾತು ಬಿಟ್ಟರೆ ಬೇರೆ ಆಧಾರ ಇಲ್ಲ. ಕೋರ್ಟು ಅದನ್ನು ಯಾಕೆ ನಂಬಬೇಕು?" ಎಂದರು. ಉತ್ತರ ಗೊತ್ತಿಲ್ಲದೆ ವಕೀಲನಾದವನು ಕೇಳಬಾರದ ಪ್ರಶ್ನೆ ಅದು ಎಂದು ಸುಜಾತಾ ಆಮೇಲೆ ಹೇಳಿದಳು.

ಅಂಬಾರಾಯರು ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಜಲ್ಮ ಪೂರಾ ಇಂಥಾದೊಂದು ಖಟ್ಲೆ ಬೇಕಂತ ಕಾದವ ನಾನು. ಮನಿ ಬಾಗಿಲಿಗೇ ಬಂತು. ಅದನ್ನ ಬಿಟ್ಟುಕೊಟ್ಟು ಇಲ್ಲಿ ನಿಂತೀನಿ."

ಎದುರು ವಕೀಲರು ಕಾಗದ ಮಡಚಿ ಕುಳಿತರು. ಮ್ಯಾನೇಜರನಿಗೆ ಶಿಕ್ಷೆಯಾಯಿತು. ಆತ ಅಪೀಲು ಹೋದ.

ಹೊಗೆ ವಕೀಲರ ಎದೆಯನ್ನೂ ಬಿಟ್ಟಿರಲಿಲ್ಲ. ಕಲ್ಲಿನ ಧೂಳಿರುವ ಊರಲ್ಲಿ ಇರಬೇಡಿ ಎಂದು ಡಾಕ್ಟರರು ಹೇಳಿದ ಮೇಲೆ ಐನಾಪುರಕ್ಕೆ, ತಂಗಿಯ ಮನೆಗೆ ಹೋದರು. ಒಮ್ಮೆ ನಾನೂ ಇಸ್ಮಾಯಿಲ್ ಭಾಯಿಯೂ ನೋಡಲು ಹೋದೆವು. ಬಸ್ಸಿನಲ್ಲಿ ಅವನು ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದ, ಏನೋ ಬಾಯಿಪಾಠ ಮಾಡುವವನಂತೆ. ಆದರೆ ಹೋದಮೇಲೆ ವಕೀಲರು ಮಾತಾಡಲು ಬಿಟ್ಟರಲ್ಲವೇ? ಪಕ್ಕದ ಹೊಲದ ಹುಣಸೆಮರದ ನೆರಳು ತಂಗಿಯ ತೊಗರಿಯ ಮೇಲೆ ಬೀಳುವುದರ ಬಗ್ಗೆ, ನೆರಳಿನ ಮಾಲೀಕ ಯಾರು ಎಂಬುದರ ಬಗ್ಗೆ, ಕೆಮ್ಮುತ್ತ ಕೆಮ್ಮುತ್ತ ವಾದಿಸಿದರು. ಊಟ ಮಾಡಿಸಿದರು. ಬಸ್‌ಸ್ಟ್ಯಾಂಡಿನ ತನಕ ಬಂದರು.

ಬಸ್ಸು ದೂರದಲ್ಲಿ ಕಾಣಿಸಿದಾಗ ಇಸ್ಮಾಯಿಲ್ ಭಾಯಿ ಕೈ ಜೋಡಿಸಿದ. "ಅವತ್ತು ನಾ ಹಂಗ ಕೇಳಬಾರದಿತ್ತು. ಮಾಫ್ ಮಾಡ್ರಿ."

"ಯಾಕ ಮಾಫಿ?" ಎಂದರು ವಕೀಲರು. ಅವನ ಕೈ ಹಿಡಿದು ಕೆಳಗಿಳಿಸಿದರು. "ನೀ ಕೇಳಿದ್ದು ಸರಿ ಅದ. ವಕೀಲನಿಗಿ ಅದನ್ನ ಕೇಳ್ಬೇಕು, ಇಸ್ಮಾಯಿಲ್. ನಾಳಿ ಸುಜಾತಾನಿಗೂ ಕೇಳು. ನನ್ನ ಮನಸಿಗಿ ಬ್ಯಾನಿ ಆಗಿದ್ದು ಖರೆ. ಆದ್ರ ಪ್ರಶ್ನಿ ಸರಿ ಅದ."

ಚಳಿಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ತಿಳಿಯುವಷ್ಟರಲ್ಲಿ ಮಣ್ಣಾಗಿತ್ತು.

ಅಪೀಲು ವಜಾ ಆದದ್ದು ಅದಾದ ಮೇಲೆ. ಸುಜಾತಾ ಗಿರಣಿಗೇ ಫೋನ್ ಮಾಡಿ ಹೇಳಿದಳು. ನಾನು ಇಸ್ಮಾಯಿಲ್ ಭಾಯಿಯನ್ನು ಕೂಗಿ ಕರೆದೆ. ಅವನು ಕೇಳಿದ ಕೂಡಲೇ ಜೇಬಿನಿಂದ ಮೊಬೈಲು ತೆಗೆದ, ಐನಾಪುರದ ನಂಬರು ಹುಡುಕಿದ, ಹುಡುಕುತ್ತಲೇ ನಿಂತುಬಿಟ್ಟ.

"ಈಗ ಯಾರಿಗಿ ಹೇಳೋದು ಮಾದೇವಕ್ಕ?" ಎಂದ.

ಜೋಳದ ಡಬ್ಬಿ ಹಿಡಿದು ನಾಲ್ಕಾರು ಜನ ಸಾಲಿನಲ್ಲಿ ನಿಂತಿದ್ದರು. ಅವರಿಗೇ ಹೇಳಿದೆವು.